ಸಿಇಟಿ, ನೀಟ್, ಜೆಇಇ: ಯಾವುದು, ಯಾವಾಗ? ಇರಕಲ್ಲಗಡದ ಮನೆಗಳಿಗೆ ಒಂದು ಲೆಕ್ಕಾಚಾರ

ದ್ವಿತೀಯ ಪಿಯುಸಿ ವಿಜ್ಞಾನ ಓದುವ ವಿದ್ಯಾರ್ಥಿಗೆ 2025ರ ಮೊದಲ ಆರು ತಿಂಗಳಲ್ಲಿ ಎದುರಾದ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆದು ನೋಡಿದರೆ ವಿಷಯದ ತೂಕ ತಿಳಿಯುತ್ತದೆ. ಜನವರಿ 22ರಿಂದ ಜೆಇಇ ಮೇನ್ ಮೊದಲ ಸುತ್ತು. ಮಾರ್ಚ್ 1ರಿಂದ 20ರವರೆಗೆ ಪಿಯುಸಿ ಪರೀಕ್ಷೆ-1. ಏಪ್ರಿಲ್ 2ರಿಂದ ಜೆಇಇ ಮೇನ್ ಎರಡನೇ ಸುತ್ತು. ಏಪ್ರಿಲ್ 8ಕ್ಕೆ ಪಿಯುಸಿ ಫಲಿತಾಂಶ. ಏಪ್ರಿಲ್ 16 ಮತ್ತು 17ರಂದು ಸಿಇಟಿ. ಏಪ್ರಿಲ್ 24ರಿಂದ ಮೇ 8ರವರೆಗೆ ಪಿಯುಸಿ ಪರೀಕ್ಷೆ-2. ಅದರ ನಡುವೆಯೇ ಮೇ 4ರಂದು ನೀಟ್. ಮೇ 10ಕ್ಕೆ ಕಾಮೆಡ್-ಕೆ. ಮೇ 18ಕ್ಕೆ ಜೆಇಇ ಅಡ್ವಾನ್ಸ್ಡ್. ಜೂನ್‌ನಲ್ಲಿ ಪಿಯುಸಿ ಪರೀಕ್ಷೆ-3.

ದಿನಾಂಕಗಳು ವರ್ಷದಿಂದ ವರ್ಷಕ್ಕೆ ನಾಲ್ಕಾರು ದಿನ ಹಿಂದೆ ಮುಂದೆ ಆಗಬಹುದು. ಆದರೆ ಈಗಿನ ವ್ಯವಸ್ಥೆಯ ಅಚ್ಚು ಇದೇ. ಇಷ್ಟೆಲ್ಲ ಪರೀಕ್ಷೆಗಳನ್ನು ಬರೆಯಲೇಬೇಕೆ, ಯಾವುದನ್ನು ಮೊದಲು ಬರೆಯಬೇಕು, ಯಾವುದನ್ನು ಬಿಡಬೇಕು, ನಿರೀಕ್ಷಿಸಿದ ರ‍್ಯಾಂಕ್ ಬರದಿದ್ದರೆ ಇನ್ನೊಂದು ವರ್ಷ ಕಾಯಬೇಕೆ ಎಂಬ ಪ್ರಶ್ನೆಗಳಿಗೆ ಬೆಂಗಳೂರಿನ ಮನೆಯಲ್ಲಿ ಸಿಗುವ ಉತ್ತರ ಬೇರೆ, ಕೊಪ್ಪಳ ತಾಲ್ಲೂಕಿನ ಇರಕಲ್ಲಗಡ ಹೋಬಳಿಯ ಮನೆಯಲ್ಲಿ ಸಿಗಬೇಕಾದ ಉತ್ತರ ಬೇರೆ. ಕೋಚಿಂಗ್ ಸಂಸ್ಥೆಗಳ ಜಾಹೀರಾತು ಮಾತ್ರ ಎಲ್ಲರಿಗೂ ಒಂದೇ ಉತ್ತರ ಹೇಳುತ್ತದೆ. ಕಲ್ಯಾಣ ಕರ್ನಾಟಕದ ಹಳ್ಳಿಯ ವಿದ್ಯಾರ್ಥಿಗೆ ಕಾನೂನು ಕೊಟ್ಟಿರುವ ಅನುಕೂಲಗಳು ಆ ಜಾಹೀರಾತಿನಲ್ಲಿ ಕಾಣುವುದಿಲ್ಲ.

ಪರೀಕ್ಷೆ ಬಂದ ದಾರಿ

ಕರ್ನಾಟಕದಲ್ಲಿ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ಬಹಳ ಹಿಂದೆಯೇ ಬೆಳೆದವು. ಅದರ ಜೊತೆಗೆ ಕ್ಯಾಪಿಟೇಶನ್ ಶುಲ್ಕದ ಪಿಡುಗೂ ಬೆಳೆಯಿತು. ರಾಜ್ಯ ಸರ್ಕಾರ 1984ರಲ್ಲಿ ಇದನ್ನು ನಿಷೇಧಿಸುವ ಕಾಯ್ದೆ ತಂದಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣ ಸುಪ್ರೀಂ ಕೋರ್ಟ್‌ಗೆ ಬಂತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದ ಕಾಲದಲ್ಲಿ ಹೊರರಾಜ್ಯದ ವಿದ್ಯಾರ್ಥಿಗೆ ವೈದ್ಯಕೀಯ ಸೀಟಿನ ಶುಲ್ಕ 60,000 ರೂಪಾಯಿ ಎಂದು ನಿಗದಿಯಾಗಿತ್ತು. ಮೀರತ್‌ನ ಆ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿದ್ದರು. ಶಿಕ್ಷಣವು ಹಕ್ಕು, ಅದನ್ನು ಮಾರುವಂತಿಲ್ಲ ಎಂಬ ನಿಲುವನ್ನು ನ್ಯಾಯಾಲಯ ತಳೆಯಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಪ್ರವೇಶಕ್ಕೆ ಒಂದು ಚೌಕಟ್ಟು ಹಾಕಿತು. ಅದರ ಫಲವಾಗಿ 1994ರಲ್ಲಿ ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಆರಂಭವಾಯಿತು.

ಈಗ ಅದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ನಡೆಸುತ್ತದೆ. ವೈದ್ಯಕೀಯ ಸೀಟುಗಳಿಗೆ ರಾಷ್ಟ್ರಮಟ್ಟದ ನೀಟ್ 2013ರಲ್ಲಿ ಬಂದು, ಅದೇ ವರ್ಷ ನ್ಯಾಯಾಲಯದಲ್ಲಿ ಬಿದ್ದು, 2016ರಲ್ಲಿ ಮತ್ತೆ ನೆಲೆಯಾಯಿತು. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತಿದೆ. ಜೆಇಇ ಮೇನ್ ಕೂಡ ಈಗ ಕನ್ನಡದಲ್ಲಿ ಲಭ್ಯ. ಜೆಇಇ ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲೇ ಉಳಿದಿದೆ.

ಒಂದು ಅಂಕದ ಬೆಲೆ ಎಷ್ಟು?

ಪರೀಕ್ಷೆಗಳನ್ನು ಆಯ್ಕೆ ಮಾಡುವ ಮೊದಲು ಪಿಯುಸಿ ಅಂಕಕ್ಕೆ ಎಲ್ಲಿ ಎಷ್ಟು ಬೆಲೆ ಎಂದು ತಿಳಿದಿರಬೇಕು. ಬಹಳ ಮನೆಗಳಲ್ಲಿ ಎಡವುವುದು ಇಲ್ಲೇ.

ನೀಟ್‌ನಲ್ಲಿ ರ‍್ಯಾಂಕ್ ನಿರ್ಧಾರವಾಗುವುದು 720 ಅಂಕಗಳ ಆ ಒಂದು ಪರೀಕ್ಷೆಯಿಂದ ಮಾತ್ರ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 50, ಮೀಸಲು ವರ್ಗಗಳಿಗೆ ಶೇ. 40 ಇದ್ದರೆ ಅರ್ಹತೆ ಸಿಕ್ಕಿತು. ಅದರಾಚೆ ಪಿಯುಸಿಯಲ್ಲಿ 98 ಬಂದರೂ ವೈದ್ಯಕೀಯ ರ‍್ಯಾಂಕ್ ಮೇಲೇರುವುದಿಲ್ಲ. ಜೆಇಇ ಮೂಲಕ ಎನ್‌ಐಟಿ ಸೀಟು ಬೇಕಿದ್ದರೆ ಪಿಯುಸಿಯಲ್ಲಿ ಶೇ. 75 ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 65. ಅಲ್ಲೂ ಅದು ಬಾಗಿಲು ದಾಟಲು ಬೇಕಾದ ಚೀಟಿ ಅಷ್ಟೇ.

ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕ್ ಹಾಗಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯುಸಿ ಅಂಕಗಳಿಗೆ ಅರ್ಧ ತೂಕ, ಸಿಇಟಿ ಅಂಕಗಳಿಗೆ ಅರ್ಧ ತೂಕ. ಪಿಯುಸಿಯ ಮೂರು ವಿಷಯ ಸೇರಿ 300 ಅಂಕ. ಸಿಇಟಿಯ ಮೂರು ವಿಷಯ ಸೇರಿ 180 ಅಂಕ. ಹಾಗಾಗಿ ಸಿಇಟಿಯ ಮೂರು ಸರಿಯುತ್ತರ ಪಿಯುಸಿಯ ಐದು ಅಂಕಕ್ಕೆ ಸಮ. ಪಿಯುಸಿಯಲ್ಲಿ 240 ತೆಗೆಯುವ ವಿದ್ಯಾರ್ಥಿ ಅದನ್ನು 270ಕ್ಕೆ ಏರಿಸಿದರೆ ಸಿಇಟಿಯಲ್ಲಿ 18 ಪ್ರಶ್ನೆ ಹೆಚ್ಚು ಸರಿ ಮಾಡಿದಷ್ಟೇ ಲಾಭ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. 80 ನಿಮಿಷಕ್ಕೆ 60 ಪ್ರಶ್ನೆ. ನೀಟ್ ಮತ್ತು ಜೆಇಇಯಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ.

ಇದರಿಂದ ಹೊರಡುವ ತೀರ್ಮಾನ ಸರಳ. ಎಂಜಿನಿಯರಿಂಗ್ ಗುರಿಯಿದ್ದರೆ ಕಾಲೇಜಿನ ಪಾಠ ಬಿಟ್ಟು ಬರೀ ಬಹುಆಯ್ಕೆ ಪ್ರಶ್ನೆಗಳ ಅಭ್ಯಾಸಕ್ಕೆ ಬೀಳುವುದು ನಷ್ಟದ ಬಾಬ್ತು. ವೈದ್ಯಕೀಯ ಗುರಿಯಿದ್ದರೆ ಪಿಯುಸಿಯ ಕೊನೆಯ ಐದು ಅಂಕಕ್ಕಾಗಿ ಏಪ್ರಿಲ್ ತಿಂಗಳು ಕಳೆಯುವುದು ನಷ್ಟ. ಎರಡೂ ಇರಲಿ ಎಂದು ಎರಡಕ್ಕೂ ಅರೆಬರೆ ಓದುವುದು ಎಲ್ಲಕ್ಕಿಂತ ದೊಡ್ಡ ನಷ್ಟ.

ಮೂರು ಪರೀಕ್ಷೆ: ಅನುಕೂಲವೂ ಹೌದು, ಎಳೆತವೂ ಹೌದು

2024ರಲ್ಲಿ ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂತು. ನಪಾಸಾದವರಷ್ಟೇ ಅಲ್ಲ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಹೆಚ್ಚು ಬಂದ ಅಂಕ ಉಳಿಯುತ್ತದೆ. ಒಂದು ಜ್ವರ, ಒಂದು ಸಾವು, ಒಂದು ಕೆಟ್ಟ ದಿನ ಇಡೀ ವರ್ಷವನ್ನು ನುಂಗುತ್ತಿದ್ದ ಕಾಲ ಹೋಯಿತು ಎಂಬುದು ದೊಡ್ಡ ಸಮಾಧಾನ.

ಆದರೆ 2025ರ ಹಾಳೆಯನ್ನು ಮತ್ತೊಮ್ಮೆ ನೋಡಬೇಕು. ನೀಟ್ ನಡೆದದ್ದು ಪಿಯುಸಿ ಪರೀಕ್ಷೆ-2 ನಡೆಯುತ್ತಿದ್ದಾಗಲೇ. ರಸಾಯನಶಾಸ್ತ್ರದಲ್ಲಿ ನಾಲ್ಕು ಅಂಕ ಹೆಚ್ಚಿಸಿಕೊಳ್ಳಲು ಕುಳಿತ ನೀಟ್ ಅಭ್ಯರ್ಥಿ, ನೀಟ್‌ಗೆ ಮುಂಚಿನ ಅತ್ಯಂತ ಬೆಲೆಬಾಳುವ ಹತ್ತು ದಿನಗಳನ್ನು ತನಗೆ ಬೇಡದ ಅಂಕಕ್ಕೆ ಕೊಟ್ಟಂತಾಯಿತು. ಅದೇ ಎಂಜಿನಿಯರಿಂಗ್ ಬಯಸುವವನಿಗೆ, ಸಿಇಟಿ ಮುಗಿದ ಮೇಲೆ ಬರುವ ಪರೀಕ್ಷೆ-2 ನಿಜವಾದ ಅವಕಾಶ. ಏಪ್ರಿಲ್ 8ರ ಫಲಿತಾಂಶ ನೋಡಿ, ಯಾವ ವಿಷಯದಲ್ಲಿ ಹತ್ತಕ್ಕಿಂತ ಹೆಚ್ಚು ಅಂಕ ಏರುವ ಸಾಧ್ಯತೆ ಇದೆಯೋ ಅದನ್ನು ಮಾತ್ರ ಬರೆದರೆ ಸಾಕು. ಯಾವ ಪರೀಕ್ಷೆಯ ಅಂಕಗಳನ್ನು ಆ ವರ್ಷದ ರ‍್ಯಾಂಕ್‌ಗೆ ಪರಿಗಣಿಸುತ್ತಾರೆ, ಅವನ್ನು ಯಾವ ದಿನದೊಳಗೆ ಕೆಇಎ ಜಾಲತಾಣದಲ್ಲಿ ದಾಖಲಿಸಬೇಕು ಎಂಬುದನ್ನು ಆ ವರ್ಷದ ಪ್ರಕಟಣೆಯಲ್ಲೇ ಓದಿಕೊಳ್ಳಬೇಕು. ಹಿಂದಿನ ವರ್ಷ ಅಣ್ಣನಿಗೆ ಹೀಗಾಗಿತ್ತು ಎಂಬ ಮಾತನ್ನು ನಂಬುವಂತಿಲ್ಲ.

ಜನವರಿಯ ಜೆಇಇ ಯಾರಿಗೆ?

ಜೆಇಇ ಮೇನ್‌ಗೆ ಜನವರಿ ಮತ್ತು ಏಪ್ರಿಲ್ ಎಂಬ ಎರಡು ಸುತ್ತು. ಎರಡರಲ್ಲಿ ಯಾವುದು ಉತ್ತಮವೋ ಅದು ಲೆಕ್ಕಕ್ಕೆ. ಜನವರಿ ಸುತ್ತಿನ ಅರ್ಜಿ ಹಿಂದಿನ ವರ್ಷದ ಅಕ್ಟೋಬರ್–ನವೆಂಬರ್‌ನಲ್ಲೇ ಮುಗಿಯುತ್ತದೆ. 2025ರ ಸುತ್ತಿಗೆ 2024ರ ಅಕ್ಟೋಬರ್ 28ರಿಂದ ನವೆಂಬರ್ 22ರವರೆಗೆ ಅವಕಾಶವಿತ್ತು. ಹಳ್ಳಿಯ ಕಾಲೇಜುಗಳಲ್ಲಿ ಆ ಹೊತ್ತಿಗೆ ಜೆಇಇ ಹೆಸರೇ ಕಿವಿಗೆ ಬಿದ್ದಿರುವುದಿಲ್ಲ. ಗೊತ್ತಾಗುವಾಗ ಬಾಗಿಲು ಮುಚ್ಚಿರುತ್ತದೆ.

ಡಿಸೆಂಬರ್ ಒಳಗೆ ದ್ವಿತೀಯ ಪಿಯುಸಿ ಪಾಠ ಬಹುತೇಕ ಮುಗಿಯುವ ವಿದ್ಯಾರ್ಥಿಗೆ ಜನವರಿ ಸುತ್ತು ನಿಜವಾದ ಪ್ರಯತ್ನ. ಪಾಠ ಮುಗಿಯದವರಿಗೆ ಅದು ತಾಲೀಮು. ತಾಲೀಮು ಕೆಟ್ಟದ್ದಲ್ಲ, ಆದರೆ ಅದಕ್ಕೆ ಬೆಲೆ ಇದೆ. ಅರ್ಜಿ ಶುಲ್ಕ, ಬೇರೆ ಊರಿನ ಕೇಂದ್ರ ಸಿಕ್ಕರೆ ಪ್ರಯಾಣ ಮತ್ತು ಒಂದು ರಾತ್ರಿಯ ವಸತಿ, ಜೊತೆಗೆ ಹೋಗುವ ಪಾಲಕರ ಎರಡು ದಿನದ ದುಡಿಮೆ, ಪಿಯುಸಿ ಪ್ರಾಯೋಗಿಕ ಪರೀಕ್ಷೆಗಳ ಹೊಸ್ತಿಲಲ್ಲಿ ಹೋಗುವ ಒಂದು ವಾರ. ಗಣಿತ ಗಟ್ಟಿಯಿಲ್ಲದೆ, ಸಿಇಟಿ ಮೂಲಕ ರಾಜ್ಯದ ಕಾಲೇಜೇ ಗುರಿ ಎಂದಿರುವವರು ಜೆಇಇ ಬಿಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ.

ಕಾಮೆಡ್-ಕೆ ಬಗ್ಗೆಯೂ ಒಂದು ಮಾತು. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ. 45 ಸೀಟು ಸಿಇಟಿಗೆ, ಶೇ. 30 ಕಾಮೆಡ್-ಕೆಗೆ, ಉಳಿದದ್ದು ಆಡಳಿತ ಮಂಡಳಿಗೆ. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಈ ಪಾಲು ಸ್ವಲ್ಪ ಬೇರೆ. ಕಾಮೆಡ್-ಕೆ ಸೀಟಿನ ಶುಲ್ಕ ಸಿಇಟಿ ಸೀಟಿಗಿಂತ ಬಹಳ ಹೆಚ್ಚು. ಆ ಶುಲ್ಕ ಕಟ್ಟುವ ಶಕ್ತಿ ಇಲ್ಲದ ಮನೆಯ ಮಗು ಆ ಪರೀಕ್ಷೆ ಬರೆದು ಒಳ್ಳೆಯ ರ‍್ಯಾಂಕ್ ತಂದರೆ, ಸಂತೋಷದ ಬದಲು ಮನೆಯಲ್ಲಿ ಸಂಕಟ ಹುಟ್ಟುತ್ತದೆ. ಶುಲ್ಕದ ಪಟ್ಟಿ ನೋಡಿ ಅರ್ಜಿ ಹಾಕುವುದು ಲೇಸು.

ಎಂಟನೇ ತರಗತಿಯಲ್ಲೇ ಆಗುವ ತೀರ್ಮಾನ

ಪ್ರವೇಶ ಪರೀಕ್ಷೆಯ ಯೋಜನೆ ಪಿಯುಸಿಯಲ್ಲಿ ಆರಂಭವಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಇರಕಲ್ಲಗಡದಂಥ ಊರಲ್ಲಿ ಅದು ಹೈಸ್ಕೂಲಿನ ಹೊಸ್ತಿಲಲ್ಲೇ ಆರಂಭವಾಗಿರುತ್ತದೆ, ಬಹಳ ಸಲ ಮನೆಯವರಿಗೆ ತಿಳಿಯದಂತೆಯೇ.

ಸಿಇಟಿ ಮೂಲಕ ಹಂಚುವ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಪಾಲು ಇದೆ. ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು ಎಂಬುದು ಮೊದಲನೆಯದರ ಷರತ್ತು. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು ಎಂಬುದು ಎರಡನೆಯದರ ಷರತ್ತು. ಸಾಮಾನ್ಯ ವರ್ಗದವರಿಗೆ ಆದಾಯದ ಮಿತಿಯೂ ಇದೆ. ಏಳನೇ ತರಗತಿವರೆಗೆ ಊರ ಶಾಲೆಯಲ್ಲಿ ಓದಿದ ಮಗುವನ್ನು, ಮುಂದೆ ಸಿಇಟಿಗೆ ಅನುಕೂಲ ಆಗಲಿ ಎಂದು ಎಂಟನೇ ತರಗತಿಗೆ ಕೊಪ್ಪಳ ನಗರದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿದರೆ ಈ ಎರಡೂ ಪಾಲು ಒಂದೇ ದಿನ ಕೈತಪ್ಪುತ್ತವೆ. ಸೇರಿಸಬಾರದು ಎಂದಲ್ಲ. ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತ ಶಿಕ್ಷಕರೇ ಇಲ್ಲದಿದ್ದರೆ ಮೀಸಲಾತಿಗಾಗಿ ಓದನ್ನೇ ಬಲಿಕೊಡಲಾಗದು. ಆದರೆ ಏನು ಕೊಟ್ಟು ಏನು ಪಡೆಯುತ್ತಿದ್ದೇವೆ ಎಂದು ತಿಳಿದು ಮಾಡಬೇಕು. ಪಿಯುಸಿಗೆ ಮಾತ್ರ ಹುಬ್ಬಳ್ಳಿ, ಮಂಗಳೂರು, ಮೂಡುಬಿದಿರೆ ಕಡೆ ಹೋದರೆ ಈ ಪಾಲುಗಳಿಗೆ ಧಕ್ಕೆಯಿಲ್ಲ, ಏಕೆಂದರೆ ಲೆಕ್ಕ ಹತ್ತನೇ ತರಗತಿಗೆ ಮುಗಿದಿರುತ್ತದೆ. ಹೈದರಾಬಾದ್ ಅಥವಾ ಕೋಟಾಕ್ಕೆ ಹೋಗುವವರು ಇನ್ನೊಂದು ನಿಯಮ ನೋಡಿಕೊಳ್ಳಬೇಕು. ರಾಜ್ಯದಲ್ಲಿ ಕನಿಷ್ಠ ಏಳು ವರ್ಷ ಓದಿ, ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿಯಲ್ಲಿ ಒಂದನ್ನಾದರೂ ಕರ್ನಾಟಕದಲ್ಲಿ ಪಾಸಾಗಿರಬೇಕು.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಪ್ರಥಮ ಪಿಯುಸಿ ವಿಜ್ಞಾನದ ಮೊದಲ ಆರು ತಿಂಗಳು ಭಾಷೆಯೊಂದಿಗೇ ಹೋಗುತ್ತದೆ. ಅದನ್ನು ಯೋಜನೆಯಲ್ಲಿ ಸೇರಿಸಿಕೊಳ್ಳಬೇಕು. ಹತ್ತನೇ ತರಗತಿ ಪರೀಕ್ಷೆ ಮುಗಿದ ಏಪ್ರಿಲ್, ಮೇ ತಿಂಗಳಲ್ಲಿ ವಿಜ್ಞಾನದ ಪಾರಿಭಾಷಿಕ ಪದಗಳ ಪರಿಚಯ ಮಾಡಿಕೊಂಡರೆ ಆ ಆರು ತಿಂಗಳು ಮೂರಕ್ಕೆ ಇಳಿಯುತ್ತದೆ.

371(ಜೆ) ಎಂಬ ಬಲ

ಸಂವಿಧಾನದ 371(ಜೆ) ವಿಧಿ 2012ರ 98ನೇ ತಿದ್ದುಪಡಿಯಿಂದ ಬಂತು. ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟು ಈ ಭಾಗದವರಿಗೆ ಮೀಸಲು. ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇ. 8. ಕೊಪ್ಪಳ ಜಿಲ್ಲೆ ಇದರ ವ್ಯಾಪ್ತಿಯಲ್ಲಿದೆ.

ಇದರ ಅರ್ಥವನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2015ರಲ್ಲಿ 150 ಸೀಟುಗಳೊಂದಿಗೆ ಆರಂಭವಾಯಿತು. ಅದರಲ್ಲಿ ಶೇ. 15 ಅಖಿಲ ಭಾರತ ಪಾಲಿಗೆ ಹೋದರೆ ಸುಮಾರು 127 ಸೀಟು ರಾಜ್ಯಕ್ಕೆ ಉಳಿಯುತ್ತದೆ. ಅದರ ಶೇ. 70 ಎಂದರೆ ಸರಳ ಲೆಕ್ಕದಲ್ಲಿ ಸುಮಾರು 89. ಇಷ್ಟು ಸೀಟಿಗೆ ಪೈಪೋಟಿ ಇರುವುದು ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳ ನಡುವೆ ಮಾತ್ರ, ಇಡೀ ರಾಜ್ಯದೊಂದಿಗಲ್ಲ. ತಳಕಲ್‌ನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಮುನಿರಾಬಾದ್‌ನ ತೋಟಗಾರಿಕೆ ಕಾಲೇಜು, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಎಲ್ಲವೂ ಇದೇ ಭೂಭಾಗದಲ್ಲಿವೆ. ಕೃಷಿ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಪಾಲೂ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು.

ಹಾಗಾಗಿ ತಮ್ಮ ಮಗುವಿನ ರ‍್ಯಾಂಕ್ ಸಾಲದು ಎಂದು ತೀರ್ಮಾನಿಸುವ ಮೊದಲು ಪಾಲಕರು ಸರಿಯಾದ ಪಟ್ಟಿಯೊಂದಿಗೆ ಹೋಲಿಸಬೇಕು. ಕೆಇಎ ಪ್ರತಿ ವರ್ಷ ಕಾಲೇಜುವಾರು, ವರ್ಗವಾರು ಕಡೆಯ ರ‍್ಯಾಂಕ್ ಪ್ರಕಟಿಸುತ್ತದೆ. ಸಾಮಾನ್ಯ ವರ್ಗದ ಅಂಕಣ ನೋಡಿ ಎದೆಗುಂದುವವರು, ಅದೇ ಕಾಲೇಜಿನ ಕಲ್ಯಾಣ ಕರ್ನಾಟಕದ ಪಟ್ಟಿಯಲ್ಲಿ ತಮ್ಮ ವರ್ಗದ ಗ್ರಾಮೀಣ ಅಂಕಣ ನೋಡಿದರೆ ಚಿತ್ರ ಬೇರೆಯೇ ಇರುತ್ತದೆ.

ಈ ಬಲ ಕೈಗೆ ಬರುವುದು ಕಾಗದದ ಮೂಲಕ. 371(ಜೆ) ಅರ್ಹತಾ ಪ್ರಮಾಣಪತ್ರ ಉಪವಿಭಾಗಾಧಿಕಾರಿ ಕಚೇರಿಯಿಂದ, ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ, ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರ ಶಾಲೆಯಿಂದ, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು. ಸಿಇಟಿ ಅರ್ಜಿ ಜನವರಿ ಕೊನೆಗೆ ಆರಂಭವಾಗಿ ಫೆಬ್ರುವರಿಯಲ್ಲಿ ಮುಗಿಯುತ್ತದೆ. ಆಗ ಈ ಕಚೇರಿಗಳಲ್ಲಿ ಸಾಲು ಉದ್ದ. ಹೆಸರಿನ ಒಂದು ಅಕ್ಷರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಬೇರೆ ಬೇರೆ ಇದ್ದರೆ ಇನ್ನೊಂದು ತಿಂಗಳು. ಅರ್ಜಿಯಲ್ಲಿ ಹೇಳಿಕೊಳ್ಳದ ಮೀಸಲಾತಿಯನ್ನು ಆಮೇಲೆ ಕೇಳುವುದು ಕಷ್ಟ. ಪ್ರಥಮ ಪಿಯುಸಿ ಮುಗಿದ ಬೇಸಿಗೆ ರಜೆಯಲ್ಲೇ ಇವೆಲ್ಲ ಒಂದು ಫೈಲಿನಲ್ಲಿ ಸೇರಿರಬೇಕು. ನೀಟ್ ಬರೆಯುವವರೂ ರಾಜ್ಯದ ವೈದ್ಯಕೀಯ ಸೀಟಿಗೆ ಕೆಇಎಯಲ್ಲಿ ಹೆಸರು ನೋಂದಾಯಿಸಲೇಬೇಕು ಎಂಬುದನ್ನು ಮರೆಯಬಾರದು.

ಸಮಾಜದ ವಿದ್ಯಾರ್ಥಿಗಳು ಗಮನಿಸಬೇಕಾದದ್ದು

ಶಾಸನಗಳಲ್ಲಿ ಕೊಪಣ ತೀರ್ಥವೆಂದು ಹೆಸರಾದ ಈ ನೆಲದಲ್ಲಿ ಇಂದು ಜೈನ ಮನೆಗಳು ವಿರಳ. ಹಾಗಾಗಿ ಮಾಹಿತಿಯೂ ವಿರಳ. ಎರಡು ಗೊಂದಲ ಪದೇ ಪದೇ ಕಾಣುತ್ತವೆ.

ಮೊದಲನೆಯದು, 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ಸಿಕ್ಕಿತು. ಅದರಿಂದ ಸರ್ಕಾರಿ ಸೀಟಿನಲ್ಲಿ ತಾನಾಗಿಯೇ ಮೀಸಲಾತಿ ಬರುವುದಿಲ್ಲ. ಅದು ಉಪಯೋಗಕ್ಕೆ ಬರುವುದು ಅಲ್ಪಸಂಖ್ಯಾತ ಸಂಸ್ಥೆಗಳ ಸೀಟು, ವಿದ್ಯಾರ್ಥಿವೇತನ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯ ಮತ್ತು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆಯಲ್ಲಿ. ಸಿಇಟಿ ಅಥವಾ ನೀಟ್ ಮೂಲಕ ಸೀಟು ಪಡೆದವರಿಗೆ ಅರಿವು ಸಾಲ ದೊಡ್ಡ ಆಸರೆ. ಅದರ ಅರ್ಜಿಯ ದಿನಾಂಕ ಕೌನ್ಸೆಲಿಂಗ್ ಗಡಿಬಿಡಿಯಲ್ಲಿ ತಪ್ಪಿಹೋಗದಂತೆ ನೋಡಿಕೊಳ್ಳಬೇಕು.

ಎರಡನೆಯದು, ದಿಗಂಬರ ಜೈನರು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 3ಬಿ ಪ್ರವರ್ಗದಲ್ಲಿದ್ದಾರೆ. ಇದು ಸಿಇಟಿಗೆ ಮತ್ತು ರಾಜ್ಯದ ವೈದ್ಯಕೀಯ ಸೀಟಿಗೆ ಅನ್ವಯ. ನೀಟ್, ಜೆಇಇಯ ರಾಷ್ಟ್ರೀಯ ಸೀಟುಗಳಿಗೆ ಕೇಂದ್ರದ ಪಟ್ಟಿ ಬೇರೆ, ಪ್ರಮಾಣಪತ್ರದ ನಮೂನೆ ಬೇರೆ. ರಾಜ್ಯದ 3ಬಿ ಪ್ರಮಾಣಪತ್ರವನ್ನೇ ಕೇಂದ್ರದ ಅರ್ಜಿಗೆ ಹಚ್ಚಿದರೆ ಪರಿಶೀಲನೆ ವೇಳೆ ತೊಂದರೆ ಖಚಿತ.

ಆಚರಣೆಯ ವಿಷಯವೂ ಇದೆ. ಜೆಇಇ ಮೇನ್‌ನ ಮಧ್ಯಾಹ್ನದ ಪಾಳಿ ಮೂರರಿಂದ ಆರು ಗಂಟೆವರೆಗೆ. ಜನವರಿ ಕೊನೆಯಲ್ಲಿ ಈ ಕಡೆ ಆರೂಕಾಲರ ಆಸುಪಾಸಿಗೆ ಸೂರ್ಯಾಸ್ತ. ರಾತ್ರಿಭೋಜನ ತ್ಯಾಗದ ನಿಯಮವಿರುವ ಮಕ್ಕಳು ಕೇಂದ್ರದ ಹೊರಗೇ ಏನಾದರೂ ತಿನ್ನುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಬೇಕು, ಇಲ್ಲವಾದರೆ ಮರುದಿನ ಬೆಳಗಿನವರೆಗೆ ಉಪವಾಸವೇ. 2025ರ ಸಿಇಟಿಯಲ್ಲಿ ಶಿವಮೊಗ್ಗ ಮತ್ತು ಬೀದರ್‌ನಿಂದ ಜನಿವಾರ ತೆಗೆಸಿದ ಅಥವಾ ತೆಗೆಯಲು ಒತ್ತಾಯಿಸಿದ ದೂರುಗಳು ಬಂದಿದ್ದವು. ಬೀದರ್‌ನಲ್ಲಿ ಒಬ್ಬ ವಿದ್ಯಾರ್ಥಿ ಗಣಿತ ಪತ್ರಿಕೆ ಬರೆಯಲಾಗದೆ ಮರಳಬೇಕಾಯಿತು. ಜನಿವಾರ ತೆಗೆಯಬೇಕೆಂಬ ನಿಯಮವಿಲ್ಲ ಎಂದು ಸರ್ಕಾರ ಆಮೇಲೆ ಸ್ಪಷ್ಟಪಡಿಸಿತು. ಆ ವರ್ಷದ ವಸ್ತ್ರಸಂಹಿತೆಯ ಪ್ರತಿಯನ್ನು ಪ್ರವೇಶಪತ್ರದ ಜೊತೆ ಇಟ್ಟುಕೊಂಡರೆ ಬಾಗಿಲಲ್ಲಿ ವಾದಕ್ಕೆ ಸಮಯ ಹೋಗುವುದಿಲ್ಲ.

ಇನ್ನೊಂದು ವರ್ಷ ಕಾಯಬೇಕೆ?

ಎಲ್ಲಕ್ಕಿಂತ ಕಠಿಣ ಪ್ರಶ್ನೆ ಇದು. ನೀಟ್‌ಗೆ ಎಷ್ಟು ಸಲ ಬರೆಯಬಹುದು ಎಂಬ ಮಿತಿ ಇಲ್ಲ. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು ಅಷ್ಟೆ. ಬೇಗ ಶಾಲೆಗೆ ಸೇರಿದ ಮಕ್ಕಳ ಪಾಲಕರು ಇದನ್ನು ನೋಡಿಕೊಳ್ಳಬೇಕು. ಜೆಇಇ ಮೇನ್ ಸತತ ಮೂರು ವರ್ಷ ಬರೆಯಬಹುದು. ಅಡ್ವಾನ್ಸ್ಡ್ ಸತತ ಎರಡು ವರ್ಷ, ಎರಡೇ ಸಲ.

ನಿಯಮ ಹೀಗಿದ್ದರೂ ಅದು ನಡುವೆಯೇ ಬದಲಾಗಬಹುದು ಎಂಬುದಕ್ಕೆ ಸಾಕ್ಷಿಗಳಿವೆ. 2024ರ ನವೆಂಬರ್ 5ರಂದು ಅಡ್ವಾನ್ಸ್ಡ್‌ಗೆ ಮೂರು ಅವಕಾಶ ಎಂದು ಪ್ರಕಟಿಸಿ, 18ರಂದು ಅದನ್ನು ಹಿಂಪಡೆದರು. ನಡುವಿನ ಹದಿಮೂರು ದಿನಗಳಲ್ಲಿ ಪ್ರಕಟಣೆ ನಂಬಿ ಕಾಲೇಜು ಬಿಟ್ಟವರಿಗೆ ಮಾತ್ರ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿತು.

ನಮ್ಮ ಸಿಇಟಿಯದೇ ಪಾಠ ಇನ್ನೂ ಹತ್ತಿರದ್ದು. ಕೋವಿಡ್‌ನಿಂದ 2021ರಲ್ಲಿ ಪಿಯುಸಿ ಪರೀಕ್ಷೆ ರದ್ದಾಗಿ, ಆ ವರ್ಷ ಸಿಇಟಿ ಅಂಕದ ಮೇಲೆ ಮಾತ್ರ ರ‍್ಯಾಂಕ್ ಕೊಡಲಾಯಿತು. ಆ ತಂಡದ ಸುಮಾರು 24 ಸಾವಿರ ವಿದ್ಯಾರ್ಥಿಗಳು 2022ರಲ್ಲಿ ಮತ್ತೆ ಸಿಇಟಿ ಬರೆದಾಗ, ಅವರ ಪಿಯುಸಿ ಅಂಕ ಪರಿಗಣಿಸುವುದಿಲ್ಲ ಎಂದು ಕೆಇಎ ಹೇಳಿತು. ಅವರ ರ‍್ಯಾಂಕ್ ಒಮ್ಮೆಲೇ ಕುಸಿಯಿತು. ವಿಷಯ ಹೈಕೋರ್ಟ್‌ಗೆ ಹೋಯಿತು. ಸೆಪ್ಟೆಂಬರ್‌ನಲ್ಲಿ ವಿದ್ಯಾರ್ಥಿಗಳ ಪರ ತೀರ್ಪು ಬಂದು, ಕೊನೆಗೆ ಅವರ ಪಿಯುಸಿ ಅಂಕದಲ್ಲಿ ಒಂದಿಷ್ಟು ಕಡಿತ ಮಾಡಿ ಪರಿಗಣಿಸುವ ಸೂತ್ರಕ್ಕೆ ಒಪ್ಪಿಗೆಯಾಯಿತು. ಅಷ್ಟರಲ್ಲಿ ಇಡೀ ರಾಜ್ಯದ ಕೌನ್ಸೆಲಿಂಗ್ ವಾರಗಟ್ಟಲೆ ನಿಂತಿತ್ತು. 2024ರಲ್ಲಿ ಸಿಇಟಿಯ ಸುಮಾರು 50 ಪ್ರಶ್ನೆಗಳು ಕೈಬಿಟ್ಟ ಪಠ್ಯಭಾಗದಿಂದ ಬಂದವೆಂದು ಅವುಗಳನ್ನು ಮೌಲ್ಯಮಾಪನದಿಂದ ತೆಗೆಯಬೇಕಾಯಿತು. ಅದೇ ವರ್ಷ ನೀಟ್ ಪ್ರಶ್ನೆಪತ್ರಿಕೆ ಸೋರಿಕೆ, ಕೃಪಾಂಕದ ವಿವಾದ, 1,563 ವಿದ್ಯಾರ್ಥಿಗಳಿಗೆ ಮರುಪರೀಕ್ಷೆಯ ಅವಕಾಶ. ಪರೀಕ್ಷೆ ರದ್ದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಜುಲೈ 23ಕ್ಕೆ.

ಮುಂದಿನ ವರ್ಷ ಈ ವರ್ಷಕ್ಕಿಂತ ಸಲೀಸು ಇರುತ್ತದೆ ಎಂಬ ಖಾತರಿ ಯಾರೂ ಕೊಡಲಾರರು ಎಂಬುದೇ ಇವುಗಳ ಸಾರ. ಕಾಯುವುದಾದರೆ ಅದಕ್ಕೆ ಗಟ್ಟಿ ಕಾರಣ ಇರಬೇಕು.

ಮೂರು ಪ್ರಶ್ನೆಗಳಿಗೆ ಉತ್ತರ ಬರೆದು ನೋಡಬಹುದು. ತಮ್ಮ ವರ್ಗ, ಪ್ರದೇಶದ ಕಡೆಯ ರ‍್ಯಾಂಕ್‌ಗಿಂತ ಮಗು ಎಷ್ಟು ಹಿಂದೆ ಬಿದ್ದಿದೆ? ಬಿದ್ದದ್ದು ಪಾಠ ಮುಗಿಯದ ಕಾರಣಕ್ಕೋ, ಕಾಯಿಲೆಯ ಕಾರಣಕ್ಕೋ, ಅಥವಾ ಪೂರ್ಣ ಓದಿದ ಮೇಲೂ ಇಷ್ಟೇ ಬಂತೋ? ಆ ವರ್ಷವನ್ನು ಮಗು ಎಲ್ಲಿ, ಯಾರ ಮಾರ್ಗದರ್ಶನದಲ್ಲಿ, ಯಾವ ಹಣದಲ್ಲಿ ಕಳೆಯುತ್ತದೆ? ಮೊದಲಿನದು ಸ್ವಲ್ಪವೇ ಇದ್ದು, ಎರಡನೆಯದಕ್ಕೆ ಸರಿಪಡಿಸಬಹುದಾದ ಕಾರಣ ಇದ್ದು, ಮೂರನೆಯದಕ್ಕೆ ಸ್ಪಷ್ಟ ಉತ್ತರ ಇದ್ದರೆ ಒಂದು ವರ್ಷ ಕೊಡಬಹುದು. ಮೂರರಲ್ಲಿ ಒಂದು ಅಲುಗಾಡಿದರೂ ಸಿಕ್ಕ ಸೀಟು ಹಿಡಿಯುವುದೇ ಜಾಣತನ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಳ್ಳಿಯಲ್ಲಿ ಒಂದು ವರ್ಷ ಕಾಲೇಜಿಲ್ಲದೆ ಮನೆಯಲ್ಲಿದ್ದ ಹುಡುಗಿಗೆ ವರ ನೋಡುವ ಮಾತು ತಾನಾಗಿ ಹುಟ್ಟಿಕೊಳ್ಳುತ್ತದೆ. ನೀಟ್‌ಗಾಗಿ ಕಾಯುತ್ತಿದ್ದವಳ ಓದು ಅಲ್ಲಿಗೇ ನಿಲ್ಲುವುದುಂಟು. ಅಂಥ ಮನೆಗಳಲ್ಲಿ ನರ್ಸಿಂಗ್, ತೋಟಗಾರಿಕೆ, ಬಿಎಸ್‌ಸಿ ಯಾವುದಾದರೂ ಸರಿ, ಒಂದು ಸೀಟಿಗೆ ಸೇರಿಕೊಂಡು ಮತ್ತೆ ನೀಟ್ ಬರೆಯುವುದು ಕಾಯುವುದಕ್ಕಿಂತ ಸುರಕ್ಷಿತ. ಆದರೆ ಕೊನೆಯ ಸುತ್ತಿನ ಬಳಿಕ ಸೀಟು ರದ್ದು ಮಾಡಿದರೆ ದಂಡ ಬೀಳುತ್ತದೆ. ಸೇರುವ ಮೊದಲೇ ಆ ನಿಯಮ ಓದಿರಬೇಕು. ಕೆಇಎ ಕೌನ್ಸೆಲಿಂಗ್‌ನ ನಾಲ್ಕು ಆಯ್ಕೆಗಳಲ್ಲಿ ಎರಡನೆಯದನ್ನು ಆರಿಸಿದರೆ, ಸಿಕ್ಕ ಸೀಟು ಕೈಯಲ್ಲಿಟ್ಟುಕೊಂಡೇ ಮುಂದಿನ ಸುತ್ತಿನಲ್ಲಿ ಉತ್ತಮ ಸೀಟಿಗೆ ಕಾಯಬಹುದು. ತಿಳಿಯದೆ ನಾಲ್ಕನೆಯದನ್ನು ಒತ್ತಿದರೆ ಪ್ರಕ್ರಿಯೆಯಿಂದಲೇ ಹೊರಗೆ.

ಎರಡು ವರ್ಷದ ಹಾಳೆ

ಮೇಲಿನದೆಲ್ಲ ಒಟ್ಟು ಮಾಡಿದರೆ ಒಂದು ಕ್ರಮ ಹೊಳೆಯುತ್ತದೆ. ಪ್ರಥಮ ಪಿಯುಸಿಯ ಜೂನ್‌ನಿಂದ ದೀಪಾವಳಿವರೆಗೆ ಭಾಷೆ ಮತ್ತು ಪಠ್ಯಪುಸ್ತಕ. ರಾಜ್ಯದ ಪಿಯುಸಿ ವಿಜ್ಞಾನ ಪಠ್ಯ ಎನ್‌ಸಿಇಆರ್‌ಟಿಯದೇ ಆದ್ದರಿಂದ ಮೂರೂ ಪರೀಕ್ಷೆಗೆ ಬುನಾದಿ ಒಂದೇ. ಸಿಇಟಿಯಲ್ಲಿ ಪ್ರಥಮ ಪಿಯುಸಿಯ ಪ್ರಶ್ನೆಗಳೂ ಬರುತ್ತವೆ. ಮೊದಲ ವರ್ಷದ ಅಂಕ ಲೆಕ್ಕಕ್ಕಿಲ್ಲ ಎಂದು ಅದನ್ನು ಹಗುರ ಮಾಡಿದವರು ಎರಡನೇ ವರ್ಷದಲ್ಲಿ ಎರಡು ವರ್ಷದ ಭಾರ ಹೊರುತ್ತಾರೆ. ಪ್ರಥಮ ಪಿಯುಸಿಯ ಬೇಸಿಗೆಯಲ್ಲಿ ಗುರಿ ನಿರ್ಧಾರ ಮತ್ತು ಕಾಗದಪತ್ರ. ದ್ವಿತೀಯ ಪಿಯುಸಿಯ ಅಕ್ಟೋಬರ್‌ನಲ್ಲಿ ಜೆಇಇ ಬೇಕೇ ಬೇಡವೇ ಎಂಬ ತೀರ್ಮಾನ. ಜನವರಿ–ಫೆಬ್ರುವರಿಯಲ್ಲಿ ಸಿಇಟಿ, ನೀಟ್ ಅರ್ಜಿ. ಮಾರ್ಚ್‌ನಲ್ಲಿ ಪರೀಕ್ಷೆ-1ಕ್ಕೆ ಪೂರ್ಣ ಗಮನ. ಏಪ್ರಿಲ್‌ನಿಂದ ತನ್ನ ಗುರಿಯ ಒಂದೇ ಪರೀಕ್ಷೆ. ಕೋಚಿಂಗ್ ಶುಲ್ಕ ಕಟ್ಟಲಾಗದವರಿಗೆ ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರ ಸೇರಿ 2023ರಲ್ಲಿ ಆರಂಭಿಸಿದ ಸಾಥಿ ಜಾಲತಾಣದಲ್ಲಿ ಪಾಠ, ಅಭ್ಯಾಸ ಪರೀಕ್ಷೆಗಳು ಉಚಿತವಾಗಿವೆ.

ಕೊನೆಯದಾಗಿ, ಎಷ್ಟು ರ‍್ಯಾಂಕ್ ಬಂದರೆ ಯಾವ ಸೀಟು, ಎಷ್ಟಕ್ಕಿಂತ ಕೆಳಗಾದರೆ ಏನು ಎಂಬುದನ್ನು ಫಲಿತಾಂಶ ಬರುವ ಮೊದಲೇ, ಮಾರ್ಚ್‌ನಲ್ಲೇ, ಮನೆಯವರೆಲ್ಲ ಕುಳಿತು ಒಂದು ಕಾಗದದಲ್ಲಿ ಬರೆದಿಟ್ಟರೆ ಒಳಿತು. ಮೇ, ಜೂನ್‌ನಲ್ಲಿ ಫಲಿತಾಂಶದ ಕಾವಿನಲ್ಲಿ ತೆಗೆದುಕೊಂಡ ನಿರ್ಧಾರಗಳಿಗೆ ಬೀಜ, ಗೊಬ್ಬರಕ್ಕೆ ಇಟ್ಟ ಹಣ ಕೋಚಿಂಗ್ ಮುಂಗಡವಾಗಿ ಹೋದದ್ದುಂಟು. ಮಾರ್ಚ್‌ನ ಆ ಕಾಗದ ಎದುರಿಗಿದ್ದರೆ ಮಗುವಿಗೂ ಭಯ ಕಡಿಮೆ, ಮನೆಗೂ ಖರ್ಚು ಕಡಿಮೆ.